ಅಮೃತಬಳ್ಳಿ: ಗುರುತು, ಗುಣ ಮತ್ತು ನೆಡುವ ನೆಲ

(ಹೂವಿನ ಹಿಪ್ಪರಗಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ವಿಜಯಪುರ ಜಿಲ್ಲೆಯಲ್ಲಿ ಬಳ್ಳಿ ಎಂದೊಡನೆ ಮೊದಲು ನೆನಪಾಗುವುದು ದ್ರಾಕ್ಷಿ. ಅದಕ್ಕೆ ಕಂಬ ಬೇಕು, ತಂತಿ ಬೇಕು, ಹನಿ ನೀರಾವರಿ ಬೇಕು, ವರ್ಷಕ್ಕೆ ಎರಡು ಬಾರಿ ಚಾಟ್ನಿ ಆಗಬೇಕು. ಅದೇ ತೋಟದ ಬೇಲಿಯಲ್ಲಿ, ಹಳ್ಳದ ದಂಡೆಯ ಜಾಲಿಯ ಮೇಲೆ, ಗುಡಿಯ ಕಟ್ಟೆಗೆ ನೆರಳು ಕೊಡುವ ಬೇವಿನ ಕೊಂಬೆಗಳಲ್ಲಿ ಇನ್ನೊಂದು ಬಳ್ಳಿ ಯಾರ ಆರೈಕೆಯೂ ಇಲ್ಲದೆ ಬೆಳೆದುಕೊಂಡಿರುತ್ತದೆ. ಅದೇ ಅಮೃತಬಳ್ಳಿ. ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಇಂಡಿಯ ಕಡೆ ಮರಾಠಿಯ ‘ಗುಳವೇಲ’ ಎಂಬ ಹೆಸರೂ ಕಿವಿಗೆ ಬೀಳುತ್ತದೆ. ಹಿಂದಿಯಲ್ಲಿ ಇದೇ ಗಿಲೋಯ್, ತೆಲುಗಿನಲ್ಲಿ ತಿಪ್ಪತೀಗ.

ಕೊರೋನಾ ವ್ಯಾಧಿಯ ವರ್ಷಗಳಲ್ಲಿ, ಅಂದರೆ 2020 ಮತ್ತು 2021ರಲ್ಲಿ, ಈ ಬಳ್ಳಿಗೆ ದೇಶದಾದ್ಯಂತ ಹಿಂದೆಂದೂ ಇಲ್ಲದ ಬೇಡಿಕೆ ಬಂದಿತು. ಅಲ್ಲಿಂದೀಚೆಗೆ ಶಾಲೆಯ ಆವರಣ, ಆರೋಗ್ಯ ಕೇಂದ್ರದ ಅಂಗಳ, ಪಂಚಾಯಿತಿಯ ಔಷಧಿವನ ಎಲ್ಲೆಡೆಯೂ ನೆಡುವ ಸಸಿಗಳ ಪಟ್ಟಿಯಲ್ಲಿ ಅಮೃತಬಳ್ಳಿಯ ಹೆಸರು ಕಾಣುತ್ತದೆ. ನೆಡುವುದು ಸುಲಭ, ಒಂದು ತುಂಡು ಕಾಂಡವಿದ್ದರೆ ಸಾಕು. ಆದರೆ ನೆಟ್ಟದ್ದು ನಿಜಕ್ಕೂ ಅಮೃತಬಳ್ಳಿಯೇ ಎಂಬುದನ್ನು ಯಾರು ನೋಡಿದರು, ಅದನ್ನು ನೆಟ್ಟ ಜಾಗದ ಆಚೆಗೆ ಯಾರ ತೋಟವಿದೆ ಎಂಬುದನ್ನು ಯಾರು ವಿಚಾರಿಸಿದರು ಎಂಬ ಎರಡು ಪ್ರಶ್ನೆಗಳು ಮಾತ್ರ ಸಭೆಯ ನಡವಳಿಯಲ್ಲಿ ಬರುವುದು ವಿರಳ. ಈ ಉಪನ್ಯಾಸವು ಆ ಎರಡು ಪ್ರಶ್ನೆಗಳಿಗೆ ಸಂಬಂಧಿಸಿದುದು. ಎರಡಕ್ಕೂ ಉತ್ತರ ಸಸ್ಯದ ಮೈಕಟ್ಟಿನಲ್ಲಿಯೇ ಇದೆ.

ಸಸ್ಯಶಾಸ್ತ್ರವು ಅಮೃತಬಳ್ಳಿಯನ್ನು ಹಬ್ಬುವ ಪೊದೆ ಎಂದು ಕರೆಯುತ್ತದೆ. ಕುಂಬಳ, ಹೀರೆ, ಅವರೆಗಳಂತೆ ಒಂದು ಹಂಗಾಮಿಗೆ ಮುಗಿಯುವ ಎಳೆಯ ಬಳ್ಳಿ ಇದಲ್ಲ. ಕಾಂಡವು ವರ್ಷದಿಂದ ವರ್ಷಕ್ಕೆ ದಪ್ಪವಾಗಿ ಕಟ್ಟಿಗೆಯಾಗುತ್ತದೆ. ದ್ರಾಕ್ಷಿಗೆ ಇರುವಂತೆ ಹಿಡಿದುಕೊಳ್ಳುವ ಕುಡಿ ಇದಕ್ಕಿಲ್ಲ. ಆಸರೆಯ ಮರಕ್ಕೆ ಕಾಂಡವನ್ನೇ ಸುತ್ತಿಕೊಂಡು ಮೇಲೇರುತ್ತದೆ. ಭಾರತದ ಉಷ್ಣವಲಯದ ಬಹುಭಾಗದಲ್ಲಿ, ಶ್ರೀಲಂಕಾ ಮತ್ತು ಮ್ಯಾನ್ಮಾರ್ ದೇಶಗಳಲ್ಲಿ ಇದು ಸಹಜವಾಗಿ ಬೆಳೆಯುತ್ತದೆ. ಇದರ ಶಾಸ್ತ್ರೀಯ ನಾಮ ಟಿನೋಸ್ಪೋರ ಕಾರ್ಡಿಫೋಲಿಯ. ಎರಡನೆಯ ಪದಕ್ಕೆ ಹೃದಯಾಕಾರದ ಎಲೆಯುಳ್ಳದ್ದು ಎಂದು ಅರ್ಥ. ಇದು ಸೇರಿದ ಕುಟುಂಬ ಮೆನಿಸ್ಪರ್ಮೇಸಿ. ಬೀಜವು ಬಿದಿಗೆಯ ಚಂದ್ರನಂತೆ ಬಾಗಿರುವುದರಿಂದ ಬಂದ ಹೆಸರು ಅದು. ಹೊಲದ ಬೇಲಿಗಳಲ್ಲಿ ಹಬ್ಬುವ, ಎಲೆಯ ರಸವನ್ನು ನೀರಿಗೆ ಹಿಂಡಿದರೆ ಲೋಳೆಯಂತೆ ಗಟ್ಟಿಯಾಗುವ ದಾಗಡಿಬಳ್ಳಿಯೂ ಇದೇ ಕುಟುಂಬದ್ದು. ಈ ಬಾಂಧವ್ಯವನ್ನು ಸದಸ್ಯರು ನೆನಪಿನಲ್ಲಿಡಬೇಕು. ತೋಟದ ಮಾತು ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಆಯುರ್ವೇದದ ಗ್ರಂಥಗಳು ಈ ಸಸ್ಯಕ್ಕೆ ಕೊಟ್ಟಿರುವ ಹೆಸರುಗಳು ಬರಿಯ ಹೊಗಳಿಕೆಯಲ್ಲ. ಅವುಗಳಲ್ಲಿ ಕೆಲವು ಸಸ್ಯವನ್ನು ಗುರುತಿಸುವ ಲಕ್ಷಣಗಳೇ ಆಗಿವೆ. ‘ಚಕ್ರಲಕ್ಷಣಿಕಾ’ ಎಂಬ ಹೆಸರನ್ನೇ ನೋಡಬಹುದು. ಬೆರಳು ದಪ್ಪದ ಕಾಂಡವನ್ನು ಅಡ್ಡಲಾಗಿ ಕತ್ತರಿಸಿದರೆ ಒಳಗೆ ಬಂಡಿಯ ಗಾಲಿಯ ಅರೆಕಾಲುಗಳಂತೆ ನಡುವಿನಿಂದ ಅಂಚಿಗೆ ಹರಡಿದ ಪಟ್ಟಿಗಳು ಕಾಣುತ್ತವೆ. ನೀರು ಸಾಗಿಸುವ ಕಟ್ಟಿಗೆಯ ಭಾಗಗಳು ಬೇರೆಬೇರೆ ಬೆಣೆಗಳಾಗಿ ನಿಂತು, ಅವುಗಳ ನಡುವೆ ಮೆದುವಾದ ಅಂಗಾಂಶ ತುಂಬಿಕೊಂಡಿರುವುದೇ ಇದಕ್ಕೆ ಕಾರಣ. ಈ ಮೆದು ಭಾಗದಲ್ಲಿ ನೀರೂ ಪಿಷ್ಟವೂ ಸಂಗ್ರಹವಾಗಿರುತ್ತವೆ. ಕಾಂಡವನ್ನು ಜಜ್ಜಿ, ನೀರಿನಲ್ಲಿ ಕಿವುಚಿ, ತಳದಲ್ಲಿ ನಿಂತ ಬಿಳಿಯ ಪುಡಿಯನ್ನು ಒಣಗಿಸಿ ತೆಗೆಯುವ ಗುಡೂಚಿ ಸತ್ವವು ಬಹುಪಾಲು ಈ ಪಿಷ್ಟವೇ.

‘ಛಿನ್ನರುಹಾ’ ಎಂಬ ಇನ್ನೊಂದು ಹೆಸರಿಗೆ ಕತ್ತರಿಸಿದರೂ ಬೆಳೆಯುವುದು ಎಂದು ಅರ್ಥ. ಬೇವಿನ ಬುಡದಲ್ಲಿ ಯಾರೋ ಬಳ್ಳಿಯನ್ನು ಕಡಿದು ಹಾಕುತ್ತಾರೆ. ಬೇರಿನ ಸಂಬಂಧ ತಪ್ಪಿದ ಮೇಲೂ ಕೊಂಬೆಯಲ್ಲಿ ತೂಗುವ ಭಾಗ ಹಸಿರಾಗಿಯೇ ಉಳಿಯುತ್ತದೆ. ಸ್ವಲ್ಪ ಕಾಲದಲ್ಲಿ ಅಲ್ಲಿಂದ ದಾರದಂತಹ ಸಣ್ಣ ಬೇರುಗಳು ಇಳಿಯತೊಡಗುತ್ತವೆ. ಗಾಳಿಯಲ್ಲಿ ತೂಗಾಡುತ್ತ ಮಾರುದ್ದ ಇಳಿದು, ನೆಲ ಮುಟ್ಟಿದೊಡನೆ ಮಣ್ಣಿಗೆ ಹೋಗಿ, ಬಳ್ಳಿಗೆ ಹೊಸ ಬುಡವನ್ನೇ ಕಟ್ಟಿಕೊಡುತ್ತವೆ. ಕಾಂಡದಲ್ಲಿ ಕೂಡಿಟ್ಟ ನೀರು ಮತ್ತು ಪಿಷ್ಟವೇ ಈ ನಡುವಿನ ದಿನಗಳ ಬುತ್ತಿ. ಮಳೆ ಕಡಿಮೆ ಬೀಳುವ, ಬೇಸಿಗೆ ದೀರ್ಘವಾಗಿರುವ ಈ ಜಿಲ್ಲೆಯಲ್ಲಿ ನೀರೆರೆಯುವವರಿಲ್ಲದೆ ಅಮೃತಬಳ್ಳಿ ಬದುಕುಳಿಯುವುದೂ ಇದರಿಂದಲೇ. ಸಾಲದ್ದಕ್ಕೆ ಬೇಸಿಗೆ ಬರುತ್ತಿದ್ದಂತೆ ಎಲೆಗಳನ್ನೆಲ್ಲ ಉದುರಿಸಿಬಿಡುತ್ತದೆ. ಆಗ ನೋಡಿದವರು ಒಣಗಿತೆಂದು ತಿಳಿದು ಕಿತ್ತೊಗೆಯುವುದುಂಟು. ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡಿದರೆ ಒಳಗಿನ ಹಸಿರು ಕಾಣುತ್ತದೆ.

ಬೇವಿನ ಮೇಲೆ ಹಬ್ಬಿದ ಅಮೃತಬಳ್ಳಿಯೇ ಶ್ರೇಷ್ಠವೆಂದು ವೈದ್ಯ ಪರಂಪರೆ ಎಣಿಸುತ್ತ ಬಂದಿದೆ. ಇದನ್ನು ಕೇಳಿದವರು ಬಳ್ಳಿಯು ಬೇವಿನ ರಸವನ್ನು ಹೀರುತ್ತದೆ ಎಂದು ಭಾವಿಸುತ್ತಾರೆ. ಅದು ಹಾಗಲ್ಲ. ಬೇವಿನ ಕೊಂಬೆಯೊಳಗೆ ಬೇರಿಳಿಸಿ ಅದರ ರಸದಲ್ಲಿ ಬದುಕುವುದು ಬದನಿಕೆ; ಅದು ಪರಾವಲಂಬಿ. ಅಮೃತಬಳ್ಳಿಗೆ ಮರವು ಏರುವ ಏಣಿ ಮಾತ್ರ. ಅದರ ಬೇರು ತನ್ನದೇ ಮಣ್ಣಿನಲ್ಲಿರುತ್ತದೆ, ಆಹಾರವನ್ನು ತನ್ನ ಎಲೆಗಳಲ್ಲಿಯೇ ತಯಾರಿಸಿಕೊಳ್ಳುತ್ತದೆ. ಆದುದರಿಂದ ಬಳ್ಳಿ ಹಬ್ಬಿತೆಂದು ದೊಡ್ಡ ಬೇವಿಗೆ ಕೇಡಿಲ್ಲ. ಆಳೆತ್ತರದ ಎಳೆಯ ಸಸಿಗೆ ಹಬ್ಬಿಸಿದರೆ ಮಾತ್ರ ಎಲೆಗಳ ಹೊದಿಕೆಯಿಂದ ಸಸಿಗೆ ಬೆಳಕು ತಪ್ಪಿ ಸೊರಗುತ್ತದೆ. ರಸ್ತೆಯ ಬದಿಯಲ್ಲಿ ಈಚೆಗೆ ನೆಟ್ಟ ಬೇವಿನ ಸಾಲಿಗೆ ಅಮೃತಬಳ್ಳಿ ಹಚ್ಚುವ ಉತ್ಸಾಹವನ್ನು ಕೆಲವು ವರ್ಷ ತಡೆದುಕೊಳ್ಳುವುದು ಒಳಿತು.

ಇನ್ನು ಗುರುತಿನ ಮಾತು. ಎಲೆ ಹೃದಯಾಕಾರದ್ದು ಎಂದಷ್ಟೇ ಹೇಳಿದರೆ ಸಾಲದು. ವೀಳ್ಯದೆಲೆಯೂ ಹೃದಯಾಕಾರದ್ದೇ, ಮನೆಯ ಮುಂದಿನ ಮನಿಪ್ಲಾಂಟೂ ಹಾಗೆಯೇ. ವೀಳ್ಯದೆಲೆಯನ್ನು ಹೊಸಕಿದರೆ ಘಮವಿದೆ. ಅಮೃತಬಳ್ಳಿಯ ಎಲೆಗೆ ಘಮವಿಲ್ಲ, ಕಹಿಯುಂಟು. ಇದರ ಎಲೆ ತೆಳು, ನುಣುಪು, ರೋಮವಿಲ್ಲದ್ದು. ತೊಟ್ಟು ಉದ್ದ, ಅದರ ಬುಡ ಸ್ವಲ್ಪ ಊದಿಕೊಂಡು ತಿರುಚಿದಂತೆ ಇರುತ್ತದೆ. ಕಾಂಡದ ಹೊರಗಿನ ತೊಗಟೆ ಕಾಗದದಂತೆ ತೆಳ್ಳಗೆ ಸುಲಿಯುತ್ತದೆ, ಒಳಗೆ ಹಸಿರು ಕಾಣುತ್ತದೆ. ಮೈಮೇಲೆ ಉಸಿರಾಟದ ಸಣ್ಣ ಚುಕ್ಕೆಗಳು ಹರಡಿರುತ್ತವೆ.

ತೊಡಕು ಬರುವುದು ಇದೇ ಕುಲದ ಇತರ ಜಾತಿಗಳಿಂದ. ಟಿನೋಸ್ಪೋರ ಸೈನೆನ್ಸಿಸ್ ಎಂಬುದರ ಎಲೆಯ ಮೇಲೆ, ಅದರಲ್ಲಿಯೂ ಕೆಳಮೈಯಲ್ಲಿ, ನವಿರಾದ ರೋಮವಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಟಿನೋಸ್ಪೋರ ಕ್ರಿಸ್ಪ ಎಂಬ ಇನ್ನೊಂದು ಜಾತಿಯ ಕಾಂಡವು ಬೂದುಬಣ್ಣದ್ದಾಗಿದ್ದು, ಮೈತುಂಬ ಗಂಟುಗಂಟಾದ ಉಬ್ಬುಗಳನ್ನು ಹೊಂದಿರುತ್ತದೆ. ಕತ್ತರಿಸಿದರೆ ಹಾಲಿನಂತಹ ಸ್ರಾವ ಬರುತ್ತದೆ. ಅಮೃತಬಳ್ಳಿಯಲ್ಲಿ ಹಾಲು ಬರುವುದಿಲ್ಲ. ಅಮೃತಬಳ್ಳಿಯ ಹೂವಿಗೆ ದಳ 6, ಕ್ರಿಸ್ಪಕ್ಕೆ 3. ಅಮೃತಬಳ್ಳಿಯ ಹಣ್ಣು ಮಾಗಿದಾಗ ಕೆಂಪು, ಗುಂಡಗೆ. ಇನ್ನೊಂದರದು ನೀಳವಾಗಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹೂವು ಹಣ್ಣುಗಳಿಗಾಗಿ ಕಾಯುವುದು ಸಾಧ್ಯವಿಲ್ಲದಿದ್ದರೂ ಸಸಿಯನ್ನು ಖರೀದಿಸುವ ಹೊತ್ತಿಗೆ ಕಾಂಡದ ಉಬ್ಬು ಮತ್ತು ಹಾಲು, ಇವೆರಡನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು.

ಇಷ್ಟೊಂದು ಎಚ್ಚರ ಯಾಕೆ ಎಂದು ಸದಸ್ಯರು ಕೇಳಬಹುದು. 2021ರಲ್ಲಿ ಮುಂಬಯಿಯ ವೈದ್ಯರು ಗಿಲೋಯ್ ಸೇವಿಸಿದ 6 ಮಂದಿಯಲ್ಲಿ ಯಕೃತ್ತಿಗೆ ಆದ ಹಾನಿಯನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಮರುವರ್ಷ ದೇಶದ 13 ಚಿಕಿತ್ಸಾ ಕೇಂದ್ರಗಳಿಂದ ಅಂತಹ 43 ಪ್ರಕರಣಗಳ ವರದಿ ಬಂದಿತು. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ವಿರುದ್ಧ ತಿರುಗುವ ಪ್ರವೃತ್ತಿ ಮೊದಲೇ ಇದ್ದವರಲ್ಲಿ ಈ ತೊಂದರೆ ಹೊರಬೀಳುವಂತೆ ತೋರುತ್ತದೆ ಎಂಬುದು ಆ ವೈದ್ಯರ ಅಭಿಪ್ರಾಯ. ಕೇಂದ್ರ ಆಯುಷ್ ಸಚಿವಾಲಯವು ಇದನ್ನು ಒಪ್ಪಲಿಲ್ಲ. ಸರಿಯಾದ ಗುಡೂಚಿ ಸುರಕ್ಷಿತ, ಅದನ್ನು ಹೋಲುವ ಕ್ರಿಸ್ಪದಂತಹ ಜಾತಿಗಳು ಬೆರೆತಿರಬಹುದು ಎಂದು ತಿಳಿಸಿ, ಎರಡನ್ನೂ ಬೇರ್ಪಡಿಸುವ ಲಕ್ಷಣಗಳನ್ನು 2022ರಲ್ಲಿ ಪ್ರಕಟಿಸಿತು. ಈ ವಾದದಲ್ಲಿ ತೀರ್ಪು ಕೊಡುವುದು ಗ್ರಾಮ ಪಂಚಾಯಿತಿಯ ಕೆಲಸವಲ್ಲ. ಆದರೆ ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಕೂಡುತ್ತವೆ: ವೈದ್ಯರ ಸಲಹೆಯಿಲ್ಲದೆ, ಪ್ರಮಾಣವಿಲ್ಲದೆ, ದಿನಗಟ್ಟಲೆ ಕುಡಿಯುವುದು ಸರಿಯಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ, ಏಕೆಂದರೆ ಅಮೃತಬಳ್ಳಿಗೂ ರಕ್ತದ ಸಕ್ಕರೆಯನ್ನು ಇಳಿಸುವ ಗುಣವುಂಟು. ಪಂಚಾಯಿತಿಯ ವತಿಯಿಂದ ಹಂಡೆಯಲ್ಲಿ ಕಷಾಯ ಕುದಿಸಿ ಊರಿಗೆಲ್ಲ ಹಂಚುವ ಪದ್ಧತಿಯನ್ನು ಬಿಡುವುದೇ ಲೇಸು. ಬಳ್ಳಿಯನ್ನು ಬೆಳೆಸುವುದು ಪಂಚಾಯಿತಿಯ ಕೆಲಸ. ಕುಡಿಸುವುದು ವೈದ್ಯರ ಕೆಲಸ.

ಈಗ ತೋಟದ ಪ್ರಶ್ನೆ. ಈ ಜಿಲ್ಲೆಯ ಮಟ್ಟಿಗೆ ಇದೇ ಹೆಚ್ಚು ತೂಕದ್ದು.

ಹಣ್ಣಿನ ರಸ ಹೀರುವ ಪತಂಗ ಎಂಬ ಕೀಟವನ್ನು ದಾಳಿಂಬೆ, ಮೋಸಂಬಿ, ಕಿತ್ತಳೆ ಬೆಳೆಗಾರರು ಬಲ್ಲರು. ಯೂಡೊಸಿಮ ಎಂಬ ಕುಲಕ್ಕೆ ಸೇರಿದ ದೊಡ್ಡ ಪತಂಗಗಳಿವು. ಮುಂದಿನ ರೆಕ್ಕೆ ಒಣಗಿದ ಎಲೆಯಂತೆ, ಹಿಂದಿನ ರೆಕ್ಕೆ ಕಿತ್ತಳೆ ಬಣ್ಣದ ಮೇಲೆ ಕಪ್ಪು ಗುರುತುಳ್ಳದ್ದು. ಹಗಲು ಅಡಗಿದ್ದು, ಕತ್ತಲಾದ ಮೇಲೆ ತೋಟಕ್ಕೆ ಬರುತ್ತವೆ. ಇವುಗಳ ಸೊಂಡಿಲಿನ ತುದಿ ಗಡುಸಾಗಿ ಮುಳ್ಳುಮುಳ್ಳಾಗಿದ್ದು, ದಾಳಿಂಬೆಯ ಸಿಪ್ಪೆಯನ್ನೂ ಚುಚ್ಚಿಬಿಡುತ್ತದೆ. ಬೆಳಿಗ್ಗೆ ನೋಡಿದರೆ ಸೂಜಿಮೊನೆಯಷ್ಟು ರಂಧ್ರ. ಒತ್ತಿದರೆ ರಸ ಜಿನುಗುತ್ತದೆ. ಆ ರಂಧ್ರದಿಂದ ಶಿಲೀಂಧ್ರವೂ ಬ್ಯಾಕ್ಟೀರಿಯವೂ ಒಳಸೇರಿ ಕೆಲವೇ ದಿನಗಳಲ್ಲಿ ಹಣ್ಣು ಕೊಳೆತು ಬೀಳುತ್ತದೆ. ಕಾಯಿಕೊರಕ ಹುಳುವಿನ ಬಾಧೆಯಾಗಿದ್ದರೆ ಹಣ್ಣಿನ ಒಳಗೆ ಹುಳು ಸಿಗಬೇಕು. ಇಲ್ಲಿ ಏನೂ ಸಿಗುವುದಿಲ್ಲ. ಮಳೆಗಾಲದ ನಡುವಿನಿಂದ ಅದರ ಕೊನೆಯವರೆಗೆ ಮಾಗುವ ಹಣ್ಣಿಗೆ ಈ ಕಾಟ ಹೆಚ್ಚು.

ಸಾಮಾನ್ಯವಾಗಿ ಬೆಳೆಗೆ ಕೇಡು ಮಾಡುವುದು ಮರಿಹುಳು, ಪತಂಗವಲ್ಲ. ಈ ಕೀಟದಲ್ಲಿ ಅದು ತಿರುಗುಮುರುಗು. ಹಣ್ಣು ಕೆಡಿಸುವುದು ಬೆಳೆದ ಪತಂಗ. ಅದರ ಮರಿಹುಳು ತೋಟದಲ್ಲಿ ಎಲ್ಲಿಯೂ ಇರುವುದಿಲ್ಲ. ಆದುದರಿಂದ ಗಿಡಕ್ಕೆ ಎಷ್ಟು ಔಷಧಿ ಹೊಡೆದರೂ ಮರಿಹುಳುವಿಗೆ ಅದು ತಲುಪುವುದೇ ಇಲ್ಲ. ಮರಿಹುಳು ಬೆಳೆಯುವುದು ಬೇಲಿಯಲ್ಲಿ, ಹಳ್ಳದ ಪೊದೆಯಲ್ಲಿ, ಮೆನಿಸ್ಪರ್ಮೇಸಿ ಕುಟುಂಬದ ಬಳ್ಳಿಗಳ ಎಲೆ ತಿಂದು. ಈ ನಾಡಿನಲ್ಲಿ ಅದರ ಮುಖ್ಯ ಆಹಾರ ಅಮೃತಬಳ್ಳಿ ಮತ್ತು ಅದರ ಬಂಧುವಾದ ದಾಗಡಿಬಳ್ಳಿ. ಮಳೆ ಬಿದ್ದು ಬಳ್ಳಿ ಚಿಗುರುತ್ತದೆ, ಪತಂಗ ಎಲೆಯ ಮೇಲೆ ಮೊಟ್ಟೆಯಿಡುತ್ತದೆ, ಮೈಮೇಲೆ ಕಣ್ಣಿನಂತಹ ಚುಕ್ಕೆಗಳುಳ್ಳ ಕಪ್ಪು ಕಂದು ಹುಳುಗಳು ಎಲೆ ತಿಂದು ಬೆಳೆಯುತ್ತವೆ. ಅವು ಕೋಶ ಕಟ್ಟಿ ಪತಂಗವಾಗಿ ಹಾರುವ ಹೊತ್ತಿಗೆ ತೋಟದಲ್ಲಿ ಹಣ್ಣು ಬಣ್ಣಕ್ಕೆ ಬರುತ್ತಿರುತ್ತದೆ.

ಒಬ್ಬ ರೈತ ಸಾಲ ತಂದು, ಕೊಳವೆ ಬಾವಿ ಕೊರೆಸಿ, ವರ್ಷವಿಡೀ ಕಾಯ್ದ ದಾಳಿಂಬೆಯ ಪಕ್ಕದ ಬದುವಿನಲ್ಲಿ ಪಂಚಾಯಿತಿಯು ಸದುದ್ದೇಶದಿಂದಲೇ 100 ಅಮೃತಬಳ್ಳಿ ನೆಟ್ಟರೆ ಆಗುವುದೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕೀಟಶಾಸ್ತ್ರಜ್ಞರು ತೋಟಗಳ ಸುತ್ತಲಿನ ಈ ಬಳ್ಳಿಗಳನ್ನು ತೆಗೆಯಲು ಬಹುಕಾಲದಿಂದ ಸಲಹೆ ನೀಡುತ್ತ ಬಂದಿದ್ದಾರೆ. ಇತ್ತ ಔಷಧಿ ಸಸ್ಯಗಳ ಕಾರ್ಯಕ್ರಮಗಳು ಅದೇ ಬಳ್ಳಿಯನ್ನು ಬೆಳೆಸಲು ಹೇಳುತ್ತವೆ. ಎರಡು ಸಲಹೆಗಳೂ ಸರಿಯೇ. ಅವು ಎದುರಾಗುವ ಜಾಗವೆಂದರೆ ಗ್ರಾಮ ಪಂಚಾಯಿತಿಯ ಸಭೆ. ಯಾವ ಸರ್ವೆ ನಂಬರಿನಲ್ಲಿ ದ್ರಾಕ್ಷಿ, ಯಾವುದರಲ್ಲಿ ಜೋಳ, ಯಾವ ಬದುವಿನಲ್ಲಿ ಬೇವು ಎಂಬುದನ್ನು ಬಲ್ಲವರು ಅಲ್ಲಿಯೇ ಕುಳಿತಿರುತ್ತಾರೆ. ಜಿಲ್ಲಾ ಕಚೇರಿಯಲ್ಲಿ ಅಲ್ಲ.

ಇಷ್ಟು ಕೇಳಿದ ಮೇಲೆ ಊರಿನ ಅಮೃತಬಳ್ಳಿಯನ್ನೆಲ್ಲ ಕಿತ್ತು ಹಾಕೋಣ ಎಂಬ ಠರಾವಿಗೆ ಯಾರೂ ಹೊರಡಬಾರದು. ಪತಂಗ ದೂರ ಹಾರಬಲ್ಲದು. ಒಂದು ಊರಿನಲ್ಲಿ ತೆಗೆದರೆ ಪಕ್ಕದ ಊರಿನಿಂದ ಬರುತ್ತದೆ. ದಾಗಡಿಬಳ್ಳಿಯಂತೂ ಎಲ್ಲೆಡೆ ಇದೆ. ತೋಟದ ಬೇಲಿ ಮತ್ತು ಅದಕ್ಕೆ ಹೊಂದಿದ ಬದುಗಳಲ್ಲಿ ಬಳ್ಳಿಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆಯುವುದು, ಹೊಸದಾಗಿ ನೆಡುವುದನ್ನು ಊರೊಳಗಿನ ಗುಡಿ, ಶಾಲೆ, ಆರೋಗ್ಯ ಕೇಂದ್ರದ ದೊಡ್ಡ ಬೇವುಗಳಿಗೆ ಸೀಮಿತಗೊಳಿಸುವುದು, ಜೋಳ, ತೊಗರಿ, ಕಡಲೆಯ ಒಣಬೇಸಾಯದ ಭಾಗಗಳನ್ನು ಹಾಗೆಯೇ ಬಿಡುವುದು ವಿವೇಕದ ದಾರಿ. ಬೆಳೆಗಾರರು ಹಣ್ಣಿಗೆ ಚೀಲ ಕಟ್ಟುವುದು, ಬಿದ್ದ ಹಣ್ಣನ್ನು ಆರಿಸಿ ಹೂಳುವುದು, ರಾತ್ರಿ ಬ್ಯಾಟರಿ ಹಿಡಿದು ಪತಂಗಗಳನ್ನು ಹಿಡಿಯುವುದು ಇದರ ಜೊತೆಗೇ ನಡೆಯಬೇಕು. ಹೆಚ್ಚಿನ ಕ್ರಮಗಳಿಗೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಗಳಿವೆ.

ತೆಗೆಯುವಾಗಲೂ ‘ಛಿನ್ನರುಹಾ’ ಎಂಬ ಹೆಸರು ನೆನಪಿರಬೇಕು. ಕುಡಗೋಲಿನಿಂದ ಬುಡ ಕತ್ತರಿಸಿ, ಉಳಿದದ್ದನ್ನು ಬೇಲಿಯ ಮೇಲೆಯೇ ಬಿಟ್ಟು ಬಂದರೆ ಕೂಲಿ ದಂಡ. ಒಂದು ಮಳೆಗೆ ಅಷ್ಟೂ ಮತ್ತೆ ಬೇರು ಬಿಡುತ್ತದೆ. ಬೇರುಸಹಿತ ಕೀಳಬೇಕು, ಕೊಂಬೆಯಿಂದ ಪೂರ್ತಿ ಬಿಡಿಸಬೇಕು. ಆ ಕಾಂಡವನ್ನು ಸುಡುವ ಅಗತ್ಯವಿಲ್ಲ. ಹೆಬ್ಬೆರಳಿಗಿಂತ ದಪ್ಪ, ಸುಮಾರು 2.5 ಸೆಂ.ಮೀ. ವ್ಯಾಸದ ಕಾಂಡಕ್ಕೆ ಔಷಧಿ ಸಂಗ್ರಾಹಕರಲ್ಲಿ ಬೇಡಿಕೆಯಿರುತ್ತದೆ. ತುಂಡು ಮಾಡಿ ಒಣಗಿಸಿ ಸ್ವಸಹಾಯ ಸಂಘದ ಮೂಲಕ ಮಾರಬಹುದು. ಉಳಿಸಿಕೊಳ್ಳಬೇಕಾದ ಜಾಗದ ಬಳ್ಳಿಯಿಂದ ಕೊಯ್ಯುವಾಗ ಬುಡದ ಭಾಗವನ್ನು ಬಿಟ್ಟು ಕೊಯ್ದರೆ ಅದು ಮರಳಿ ಚಿಗುರುತ್ತದೆ.

ಇಲ್ಲಿ ಕಾನೂನಿನ ಮಾತು ಬರುತ್ತದೆ. 2002ರ ಜೀವವೈವಿಧ್ಯ ಅಧಿನಿಯಮದ 41ನೇ ಪ್ರಕರಣದಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಿ ಕಾಯ್ದುಕೊಳ್ಳಬೇಕು. ತನ್ನ ವ್ಯಾಪ್ತಿಯಿಂದ ವಾಣಿಜ್ಯ ಉದ್ದೇಶಕ್ಕೆ ಜೈವಿಕ ಸಂಪನ್ಮೂಲವನ್ನು ಸಂಗ್ರಹಿಸುವವರಿಂದ ಸಂಗ್ರಹಣಾ ಶುಲ್ಕ ವಿಧಿಸುವ ಅಧಿಕಾರವೂ ಸಮಿತಿಗಿದೆ. 2023ರ ತಿದ್ದುಪಡಿಯು ಬೆಳೆಸಿದ ಔಷಧಿ ಸಸ್ಯಗಳಿಗೆ ಕೆಲವು ವಿನಾಯಿತಿ ನೀಡಿದೆ. ಬೆಳೆಸಿದ್ದೋ ಕಾಡಿನದೋ ಎಂಬ ವ್ಯತ್ಯಾಸಕ್ಕೆ ಅದರಿಂದ ಹಿಂದಿಗಿಂತ ಹೆಚ್ಚು ಬೆಲೆ ಬಂದಿದೆ. ದಾಖಲಾತಿ ಸರಿಯಾಗಿಲ್ಲದಿದ್ದರೆ ಆ ವ್ಯತ್ಯಾಸವನ್ನು ಯಾವ ಆಧಾರದ ಮೇಲೆ ಹೇಳುವುದು?

‘ಅಮೃತಬಳ್ಳಿ, ಜ್ವರಕ್ಕೆ ಉಪಯೋಗ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡ ದಾಖಲಾತಿಯಿಂದ ಯಾರಿಗೂ ಪ್ರಯೋಜನವಿಲ್ಲ. ಬಳ್ಳಿ ಎಲ್ಲಿದೆ, ಯಾವ ಮರದ ಮೇಲಿದೆ, ತಾನಾಗಿ ಬಂದುದೋ ನೆಟ್ಟುದೋ, ಕಾಂಡದಲ್ಲಿ ಉಬ್ಬು ಮತ್ತು ಎಲೆಯಲ್ಲಿ ರೋಮ ಇದೆಯೋ ಇಲ್ಲವೋ, ಹತ್ತಿರದ ಹಣ್ಣಿನ ತೋಟ ಯಾವ ದಿಕ್ಕಿಗೆ ಎಷ್ಟು ದೂರ, ಯಾರು ಯಾವ ತಿಂಗಳಲ್ಲಿ ಕೊಯ್ಯುತ್ತಾರೆ ಎಂಬುದಿರಬೇಕು. ಊರಿನ ನಾಟಿ ವೈದ್ಯರ ತಯಾರಿಕೆಯ ಗುಟ್ಟನ್ನು ಮಾತ್ರ ಅವರ ಒಪ್ಪಿಗೆಯಿಲ್ಲದೆ ಬರೆಯಬಾರದು.

ಇನ್ನೊಂದು ಅಂಶ ಬಹುಪಾಲು ದಾಖಲಾತಿಗಳಲ್ಲಿ ಬಿಟ್ಟುಹೋಗುತ್ತದೆ. ಅಮೃತಬಳ್ಳಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಒಂದೇ ಬಳ್ಳಿಯ ತುಂಡುಗಳನ್ನು ಊರಿಗೆಲ್ಲ ಹಂಚಿದರೆ ಅವೆಲ್ಲ ಒಂದೇ ಲಿಂಗದವು, ಒಂದೇ ಗುಣದವು. ಕಣ್ಣಿಗೆ ನೂರು, ವಂಶಕ್ಕೆ ಒಂದು. ಹಣ್ಣಾಗದು, ಬೀಜವಾಗದು, ರೋಗವೊಂದು ಬಂದರೆ ಎಲ್ಲಕ್ಕೂ ಒಟ್ಟಿಗೆ ಬರುತ್ತದೆ. ಊರಿನ ಬೇರೆಬೇರೆ ಮೂಲೆಗಳ ನಾಲ್ಕೈದು ಬಳ್ಳಿಗಳಿಂದಲಾದರೂ ತುಂಡು ತೆಗೆಯಬೇಕು, ಅವುಗಳಲ್ಲಿ ಎರಡೂ ಲಿಂಗ ಇರಬೇಕು. ಗುರುತಿಸಲು ಬೇಸಿಗೆಯೇ ಸರಿಯಾದ ಕಾಲ. ಎಲೆಗಳಿಲ್ಲದ ಕಾಂಡದ ಮೇಲೆ ಹಳದಿ ಹಸಿರಿನ ಸಣ್ಣ ಹೂಗೊಂಚಲು ಬರುತ್ತದೆ. ಹೂಗಳು ಗುಂಪುಗುಂಪಾಗಿದ್ದು ಒಳಗೆ 6 ಕೇಸರಗಳಿದ್ದರೆ ಗಂಡು. ಒಂಟೊಂಟಿಯಾಗಿದ್ದು ನಡುವೆ 3 ಸಣ್ಣ ಹಸಿರು ಅಂಡಕೋಶಗಳಿದ್ದರೆ ಹೆಣ್ಣು; ಮುಂದೆ ಬಟಾಣಿಯಷ್ಟು ಕೆಂಪು ಹಣ್ಣು ಹಿಡಿಯುವುದು ಅದರಲ್ಲಿಯೇ. ಹೂ ಕಂಡ ದಿನವೇ ಎರಡು ಬಣ್ಣದ ಪಟ್ಟಿ ಕಟ್ಟಿ ಗುರುತು ಮಾಡಿಟ್ಟರೆ, ಮಳೆ ಆರಂಭವಾಗುವ ಮೊದಲು ಎರಡು ಗಿಣ್ಣುಗಳಿರುವ ಗೇಣುದ್ದದ ತುಂಡುಗಳನ್ನು ಎರಡೂ ಬಳ್ಳಿಗಳಿಂದ ಕತ್ತರಿಸಿ ಚೀಲದ ಮಣ್ಣಿಗೆ ಊರಬಹುದು. ತಿಂಗಳು ಒಂದೂವರೆ ತಿಂಗಳಲ್ಲಿ ಅವು ನೆಡಲು ಸಿದ್ಧವಾಗುತ್ತವೆ.